ಕೆಂಚನ ಕೊರಳ ಗರಿ

ಸಂತೆಗುಳಿಯ ದುರ್ಗಪ್ಪನಿಗೆ ಎರಡು ಕೆಲಸಗಳಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಒಂದು ಗದ್ದೆಯ ಅಂಚು ಕಟ್ಟುವುದು, ಇನ್ನೊಂದು ಗಾಳಕ್ಕೆ ಗರಿ ಕಟ್ಟುವುದು. ಮೊದಲನೆಯದನ್ನು ಊರು ಒಪ್ಪಿಕೊಂಡಿತ್ತು. ಎಂಥ ಮಳೆಗೂ ಅವನು ಕಟ್ಟಿದ ಅಂಚು ಕದಲಿದ್ದಿಲ್ಲ. ಎರಡನೆಯದರ ಮಾತು ಬಂದರೆ ಮಾತ್ರ ಜನ ನಗುತ್ತಿದ್ದರು. ಗಾಳಕ್ಕೆ ಎರೆಹುಳ ಚುಚ್ಚಬೇಕು, ಇಲ್ಲವೇ ಸಿಗಡಿ ಚುಚ್ಚಬೇಕು. ಕೋಳಿಯ ಗರಿ ತಿನ್ನಲು ಮೀನಿಗೇನು ತಲೆ ಕೆಟ್ಟಿದೆಯೇ?

ನಗುವವರು ನಗಲಿ. ನವರಾತ್ರಿ ಕಳೆದು ಹಳ್ಳದ ನೀರು ತಿಳಿಯಾದ ಮೇಲೆ ಮೀನು ಎರೆಹುಳವನ್ನು ಮೂಸಿಯೂ ನೋಡುವುದಿಲ್ಲ ಎಂಬುದು ಅವರಿಗೇನು ಗೊತ್ತು? ಆಗ ಅದರ ಕಣ್ಣೆಲ್ಲ ಮೇಲೆ, ಗಿಡಗಳಿಂದ ಉದುರಿ ತೇಲಿ ಬರುವ ಸಣ್ಣ ಸಣ್ಣ ಹುಳಗಳ ಮೇಲೆ. ಬಲೆ ಬೀಸೋಣವೆಂದರೆ ಹಳ್ಳದ ತುಂಬ ಬಂಡೆಗಳು, ಬಲೆ ಹರಿದು ಚಿಂದಿಯಾಗುತ್ತದೆ. ಅಲ್ಲಿಗೆ ಬೇಕಾದದ್ದು ದುರ್ಗಪ್ಪನ ಗರಿಗಾಳವೇ. ತೆಳ್ಳಗಿನ ಒಂದು ಬಿದಿರುಗಳ, ಅದರ ತುದಿಗೆ ಗಳದಷ್ಟೇ ಉದ್ದದ ದಾರ, ದಾರದ ತುದಿಯಲ್ಲಿ ಗರಿ ಸುತ್ತಿ ಹುಳದಂತೆ ಮಾಡಿದ ಒಂದು ಗಾಳ. ಅವನ ಅಪ್ಪ ಕಲಿಸಿದ್ದು ಇಷ್ಟೇ. ಇಷ್ಟು ಸಾಕಾಗುತ್ತಿತ್ತು.

ಅರವತ್ತೊಂದನೆಯ ಇಸವಿಯ ಆ ನವರಾತ್ರಿಯ ಹೊತ್ತಿಗೆ ಮಗಳು ಗಂಗಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ಹೊನ್ನಾವರದ ಹತ್ತಿರದ ಮಾವಿನಕುರ್ವೆಗೆ. ಸುತ್ತಲೂ ಹೊಳೆ, ಎದುರಿಗೆ ಸಮುದ್ರ. ಅಳಿಯ ಪಾಂಡು ದೋಣಿ ಇಳಿದು ಬಂದನೆಂದರೆ ಮನೆಯ ಜಗಲಿಯಲ್ಲೇ ಮೀನಿನ ರಾಶಿ. ಅಂಥ ಮನೆಯಿಂದ ಬಂದ ಹುಡುಗಿ ಕಡ್ಡಿಯಂತಾಗಿದ್ದಳು. ಮೀನಿನ ವಾಸನೆ ಬಂದರೆ ವಾಂತಿ, ಒಗ್ಗರಣೆಯ ವಾಸನೆ ಬಂದರೆ ವಾಂತಿ, ಕೊನೆಗೆ ಬಿಳಿ ಗಂಜಿ ಕುಡಿದರೂ ಅದೇ ಪಾಡು. ಕುಮಟೆಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಹೀಗೇ ಮುಂದುವರಿದರೆ ಹೆರಿಗೆ ಕಷ್ಟವಾಗುತ್ತದೆ, ಏನಾದರೂ ಮಾಡಿ ಉಣ್ಣಿಸಿ ಎಂದು ಎಚ್ಚರಿಸಿ ಕಳಿಸಿದ್ದರು.

ಆ ದಿನ ಕುಮಟೆಯಿಂದ ಬಂದವಳೇ ದುರ್ಗಪ್ಪನ ಹೆಂಡತಿ ನಾಗಿ ಕೈಕಾಲು ತೊಳೆದು, ಗೂಡಿನ ಹತ್ತಿರ ಮೇಯುತ್ತಿದ್ದ ಹುಂಜವನ್ನು ಹಿಡಿದು ಕಾಲಿಗೆ ಕೆಂಪು ದಾರ ಕಟ್ಟಿದಳು. ಸುರಗಿ ಮರದಡಿಯ ಜಟಗ ಆ ಊರನ್ನು ಕಾಯುವ ದೇವರು. ಮಗಳು ಸುಖವಾಗಿ ಹೆತ್ತರೆ ಈ ಹುಂಜ ನಿನಗೆ ಎಂದು ಅವನಿಗೆ ಹೇಳಿಕೊಂಡಳು. ದಾರ ಕಟ್ಟಿಯಾದ ಮೇಲೆ ಅದು ಮನೆಯ ಕೋಳಿಯಲ್ಲ, ಜಟಗನ ಕೋಳಿ. ಹೊಡೆಯುವಂತಿಲ್ಲ, ಮಾರುವಂತಿಲ್ಲ, ಅಂಗಳಕ್ಕೆ ಬಂದರೆ ಕಸ ಗುಡಿಸುವ ಹಿಡಿಕಟ್ಟಿನಿಂದ ಅಟ್ಟುವಂತಿಲ್ಲ. ಕೊಡುವ ದಿನ ಮೈಯಲ್ಲಿ ಒಂದು ಊನವೂ ಇರಬಾರದು. ಕೆಂಪು ಮೈ, ಕಂದು ಕೊರಳು, ಕೊರಳ ಪ್ರತಿ ಗರಿಯ ನಡುವೆ ಎಳೆದಂತೆ ಒಂದು ಕರಿ ಗೆರೆ. ಅದರ ಹೆಸರು ಕೆಂಚ.

ಎರಡು ದಿನ ಕಳೆದ ಮೇಲೆ ಗಂಗಾ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದವಳು, "ಅಪ್ಪಾ, ಈಗ ಕೆಂಬಾಲ ಸಿಕ್ತದಾ?" ಎಂದು ಕೇಳಿದಳು.

ಕೆಂಬಾಲ ಎಂದರೆ ಹಳ್ಳದ ಬೆರಳುದ್ದದ ಬೆಳ್ಳಿ ಮೀನು. ಬಾಲದ ಅಂಚು ಕೆಂಪಗಿರುತ್ತದೆಂದು ಚಿಕ್ಕವಳಿದ್ದಾಗ ಅವಳೇ ಇಟ್ಟ ಹೆಸರು. ಆ ಮನೆಯ ಹೊರಗೆ ಯಾರೂ ಅದನ್ನು ಹಾಗೆ ಕರೆಯುತ್ತಿರಲಿಲ್ಲ.

"ತಿಂತ್ಯ ಮಗಾ?"

"ವಾಟೆಹುಳಿ ಹಾಕಿ ಮಾಡಿದ್ರೆ ಒಂದು ತುತ್ತು ಹೋಗ್ತದೆ ಅಂತ ಕಾಣ್ತದೆ."

ಒಳಗಿನಿಂದ ನಾಗಿ ನಕ್ಕಳು. "ಮಾವಿನಕುರ್ವೆಯವ್ರು ಕೇಳಿದ್ರೆ ಎಂತ ಅಂದ್ಕಂತ್ರು! ಬಾಗ್ಲಲ್ಲೇ ಹೊಳೆ, ಹೊಳೆ ತುಂಬ ಮೀನು. ಇದ್ಕೆ ಈ ಬೆರಳುದ್ದದ್ದೇ ಬೇಕಂತೆ."

ನಕ್ಕಳಾದರೂ ಆಗಲೇ ಒರಳು ತೊಳೆಯತೊಡಗಿದ್ದಳು.

ದುರ್ಗಪ್ಪ ಮರುದಿನ ಬೆಳಿಗ್ಗೆಯೇ ಮಾಡಿನ ಸಂದಿಯಿಂದ ಗಳ ಇಳಿಸಿದ. ನಶ್ಯದ ಹಳೆಯ ಡಬ್ಬಿಯೊಂದರಲ್ಲಿ ಅವನ ಗರಿಗಾಳಗಳಿದ್ದವು. ಮುಚ್ಚಳ ತೆಗೆದು ನೋಡಿದರೆ ಮಳೆಗಾಲದಲ್ಲಿ ನುಸಿ ಹೊಕ್ಕು ಗರಿಗಳೆಲ್ಲ ಪುಡಿಯಾಗಿದ್ದವು. ನೆಟ್ಟಗಿದ್ದದ್ದು ಒಂದೇ ಒಂದು, ಸತ್ತುಹೋದ ಹಳೆಯ ಕೆಂಪು ಹುಂಜದ ಗರಿಯದು. ಅದನ್ನೇ ಕಟ್ಟಿಕೊಂಡು ಹೋದ. ನೀರಿಗೆ ಮುಟ್ಟಿಸಿದ್ದೇ ತಡ, ಒಂದು ಕೆಂಬಾಲ ಹಾರಿತು. ಮತ್ತೊಂದು ಹಾರಿತು. ಮೂರನೆಯ ಸಲ ಗಾಳ ಬಂಡೆಯ ಬಾಯಿಗೆ ಸಿಕ್ಕಿ ದಾರ ತುಂಡಾಯಿತು. ಇರುವುದೊಂದೂ ಹೋಯಿತಲ್ಲ ಎಂದು ತನಗೆ ತಾನೇ ಬೈದುಕೊಂಡು ಎರಡೇ ಮೀನು ಹಿಡಿದು ಮನೆಗೆ ಬಂದ.

ಆ ಎರಡು ಮೀನಿಗೆ ಗಂಗಾ ಒಂದು ತಟ್ಟೆ ಅನ್ನ ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ನಾಗಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ದುರ್ಗಪ್ಪ ನೋಡಿದ. ಇನ್ನು ತಾನು ಮಾಡಬೇಕಾದದ್ದು ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದರೆ ಗರಿ ಎಲ್ಲಿಂದ ತರುವುದು? ಮೂರು ವರ್ಷದ ಹಿಂದೆ ಸರಕಾರದ ಬ್ಲಾಕ್ ಆಫೀಸಿನವರು ಊರಿಗೆ ಬಂದು ಬಿಳಿ ಲೆಗಾರ್ನ್ ಹುಂಜಗಳನ್ನು ಹಂಚಿ ಹೋಗಿದ್ದರು. ಮೊಟ್ಟೆ ಜಾಸ್ತಿಯಾಗುತ್ತದೆಂದು ಭಾಷಣವನ್ನೂ ಮಾಡಿದ್ದರು. ಮೊಟ್ಟೆಯ ಕತೆ ದೇವರಿಗೇ ಗೊತ್ತು, ಊರಿನ ಕೋಳಿಗಳೆಲ್ಲ ಮಾತ್ರ ಬೆಳ್ಳಗಾಗಿ ಹೋದವು. ಪಕ್ಕದ ಮನೆಯ ಚೌಡಮ್ಮನ ಅಂಗಳದಲ್ಲಿ ದುರ್ಗಪ್ಪ ನಾಲ್ಕು ಬಿಳಿ ಗರಿ ಹೆಕ್ಕಿಕೊಂಡು ಬಂದು ಕಟ್ಟಿ ನೋಡಿದ. ನೀರಿಗೆ ಬಿದ್ದ ತಕ್ಷಣ ಅದು ಫಳ್ ಎಂದು ಹೊಳೆಯಿತು, ಮೀನುಗಳೆಲ್ಲ ಬಂಡೆಯಡಿ ಸೇರಿದವು. ಚಹದ ಕಷಾಯದಲ್ಲಿ ಅದ್ದಿ ಬಣ್ಣ ಹಾಕಿದ. ಬಣ್ಣವೇನೋ ಬಂತು, ಗರಿ ಮುದ್ದೆಯಾಯಿತು. ಕೆಂಬೂತದ ಗರಿ ದಪ್ಪ, ಸುತ್ತಲು ಬಗ್ಗುವುದಿಲ್ಲ. ಮಿಂಚುಳ್ಳಿಯ ನೀಲಿ ಗರಿಯೊಂದು ಸಿಕ್ಕಿತ್ತು, ನೋಡಲು ಬಹಳ ಚಂದ. ಆದರೆ ಮಿಂಚುಳ್ಳಿಯ ಬಣ್ಣ ಕಂಡು ಹತ್ತಿರ ಬರುವಷ್ಟು ದಡ್ಡ ಮೀನು ಆ ಹಳ್ಳದಲ್ಲಿರಲಿಲ್ಲ. ಆರು ಬಗೆಯ ಗಾಳ ಕಟ್ಟಿ ಆರನ್ನೂ ಬದಲಿಸಿ ಬದಲಿಸಿ ಹಾಕಿದ. ಕೆಂಬಾಲಗಳು ಮೇಲೆ ಬಂದು, ನೋಡಿ, ಸೀರೆ ಅಂಗಡಿಯಲ್ಲಿ ಏನೂ ಒಪ್ಪದ ಹೆಂಗಸರಂತೆ ತಿರುಗಿ ಹೋದವು.

ಮನೆಗೆ ಬಂದರೆ ಅಂಗಳದಲ್ಲಿ ಕೆಂಚ ಕತ್ತು ಎತ್ತಿ ಕೂಗಿತು. ಬೆಳಗಿನ ಬಿಸಿಲಿಗೆ ಕೊರಳ ಗರಿಗಳು ಒಂದೊಂದೇ ಎಣಿಸುವ ಹಾಗೆ ಕಾಣುತ್ತಿದ್ದವು. ಕಂದು ಬಣ್ಣ, ನಡುವೆ ಕರಿ ಗೆರೆ, ಮೆತ್ತಗೂ ಅಲ್ಲ ಬಿರುಸೂ ಅಲ್ಲ. ದುರ್ಗಪ್ಪ ಮುಖ ತಿರುಗಿಸಿಕೊಂಡ. ಒಳಗೆ ಗಂಗಾ ವಾಂತಿ ಮಾಡುವ ಸದ್ದು ಕೇಳಿಸಿತು.

ನಾಗಿ ನೀರಿಗೆ ಹೋದ ಹೊತ್ತು ನೋಡಿ ಅವನು ಕೆಂಚನನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಜಟಗಪ್ಪ, ನಿನ್ನ ಕೋಳಿ ಅಂತ ನಂಗೆ ಗೊತ್ತದೆ. ನಿಂಗೆ ಕೊಡೂದೂ ಈ ಹುಡ್ಗಿ ಸಲುವಾಗೇ, ನಾ ಕೀಳೂದೂ ಈ ಹುಡ್ಗಿ ಸಲುವಾಗೇ. ಎರಡೇ ಎರಡು" ಎಂದ. ಕಿತ್ತ. ಕೆಂಚ ಊರಿಗೆಲ್ಲ ಕೇಳುವಂತೆ ಅರಚಿತು. ದುರ್ಗಪ್ಪ ಅದನ್ನು ಬಿಟ್ಟು ಕೊಟ್ಟಿಗೆಗೆ ಓಡಿದ.

ನಾಗಿಗೆ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಕೇಳಿದರೆ ಬೇಡ ಎಂದಾಳು, ಬೇಡ ಎಂದ ಮೇಲೆ ಕೀಳಲಾಗುವುದಿಲ್ಲ ಎಂದು ಹೆದರಿದ. ಗಂಡಸರ ಲೆಕ್ಕಾಚಾರವೇ ಹೀಗೆ.

ಕೊಟ್ಟಿಗೆಯಲ್ಲಿ ಕೂತು ಗಾಳ ಕಟ್ಟಿದ. ಸೀಳಿದ ಬಿದಿರು ಕಡ್ಡಿಯ ಬಾಯಿಗೆ ಗಾಳ ಸಿಕ್ಕಿಸಿದ. ಕರಿ ದಾರಕ್ಕೆ ಜೇನುಮೇಣ ತಿಕ್ಕಿ ಗಾಳದ ಬೆನ್ನ ಮೇಲೆ ಒತ್ತಾಗಿ ಸುತ್ತಿದ, ಅದು ಹುಳದ ಮೈ. ಗರಿಯ ಬುಡದ ತುಪ್ಪಳ ಸುಲಿದು ಹಾಕಿ, ತುದಿಯ ಕಡೆಯಿಂದ ಮೂರೇ ಸುತ್ತು. ನಾಲ್ಕಾದರೆ ಹೆಚ್ಚು. ಎಳೆಗಳು ಹಿಂದಕ್ಕೆ ಮಲಗದೆ ಗಾಳದ ತಲೆಯ ಕಡೆಗೆ, ಮುಂದಕ್ಕೆ ಬಾಗಿರುವಂತೆ ಹೆಬ್ಬೆರಳಿನಿಂದ ಒತ್ತಿ ಗಂಟು ಹಾಕಿದ. ಇದೇ ಅವನ ಅಪ್ಪನ ಗುಟ್ಟು. ದಾರ ಎಳೆದಾಗ ಆ ಎಳೆಗಳು ಮುಚ್ಚುತ್ತವೆ, ಸಡಿಲ ಬಿಟ್ಟಾಗ ಬಿಚ್ಚುತ್ತವೆ. ಸತ್ತ ಗರಿ ನೀರಿನಲ್ಲಿ ಉಸಿರಾಡುತ್ತದೆ.

ಮರುದಿನ ಒಂಬತ್ತು ಮೀನು ಬಂತು. ಗಂಗಾ ಎರಡು ಹೊತ್ತು ಉಂಡಳು. ಮೂರನೆಯ ದಿನ ಅವಳೇ ತಟ್ಟೆ ಹಾಕಿಕೊಂಡು ಕೂತು, "ಅಬ್ಬೀ, ಇನ್ನೂ ಆಗ್ಲಿಲ್ವಾ?" ಎಂದು ತಾಯಿಯನ್ನು ಕೂಗಿದಳು. ಆ ಕೂಗು ಕೇಳಿ ದುರ್ಗಪ್ಪನ ಹೊಟ್ಟೆ ತಣ್ಣಗಾಯಿತು. ಗದ್ದೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಹೋದ.

ಎರಡೇ ಎಂದು ಜಟಗನಿಗೆ ಕೊಟ್ಟ ಮಾತು ನಿಲ್ಲಲಿಲ್ಲ. ಹಳ್ಳದ ಬಂಡೆಗಳು ವಾರಕ್ಕೊಂದು ಗಾಳ ನುಂಗುತ್ತಿದ್ದವು. ಮತ್ತೆ ಎರಡು, ಮತ್ತೆ ಎರಡು. ಗಂಗಾಳ ಕೆನ್ನೆ ತುಂಬುತ್ತ ಬಂದಂತೆ ಕೆಂಚನ ಕೊರಳು ಖಾಲಿಯಾಗುತ್ತ ಬಂತು. ಕಾರ್ತಿಕ ಮುಗಿಯುವ ಹೊತ್ತಿಗೆ ಅದರ ಕತ್ತಿನ ಒಂದು ಪಕ್ಕ ಎರಡು ಬೆರಳಗಲ ಬೋಳು.

ಅದು ನಾಗಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? "ಹೋಯ್, ಇಲ್ಲಿ ನೋಡಿ! ಜಟಗನ ಕೋಳಿಗೆ ಎಂತ ಆತು?" ಎಂದು ಎದೆ ಬಡಿದುಕೊಂಡಳು.

ದುರ್ಗಪ್ಪ ಗಳದ ತುದಿ ನೋಡುತ್ತ, "ಆ ಚೌಡಮ್ಮನ ಬಿಳಿ ಹುಂಜದ ಸಂಗ್ತಿಗೆ ಕಚ್ಚಾಡ್ತಾ ಇತ್ತು" ಎಂದುಬಿಟ್ಟ.

ಬಾಯಿ ತಪ್ಪಿ ಬಂದ ಮಾತು. ವಾಪಸು ತೆಗೆದುಕೊಳ್ಳುವಷ್ಟರಲ್ಲಿ ನಾಗಿ ಸೆರಗು ಸಿಕ್ಕಿಸಿಕೊಂಡು ಬೇಲಿ ದಾಟಿದ್ದಳು. ಇಪ್ಪತ್ತು ವರ್ಷ ಬೆಂಕಿ, ಮಜ್ಜಿಗೆ, ಮಾತು ಎಲ್ಲವನ್ನೂ ಹಂಚಿಕೊಂಡಿದ್ದ ಇಬ್ಬರು ಹೆಂಗಸರು ಆ ದಿನ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಚೌಡಮ್ಮ ತನ್ನ ಹುಂಜವನ್ನು ಬುಟ್ಟಿಯಡಿ ಮುಚ್ಚಿಟ್ಟಳು. ಅದು ಹಗಲೆಲ್ಲ ಒಳಗಿನಿಂದಲೇ ಕೂಗುತ್ತಿತ್ತು. ಅದರ ಕೂಗು ಕೇಳಿದಾಗಲೆಲ್ಲ ದುರ್ಗಪ್ಪ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ತಪ್ಪು ಮಾಡಿದ್ದು ಒಂದು ಕಡೆ, ಏನೂ ಮಾಡದ ಕೋಳಿಗೆ ಸೆರೆವಾಸ ತಂದದ್ದು ಇನ್ನೊಂದು ಕಡೆ. ಹೇಳಿಬಿಡೋಣವೆಂದು ನಾಲ್ಕು ಸಲ ಬಾಯಿ ತೆರೆದ. ನಾಲ್ಕು ಸಲವೂ ಎಲೆಯಡಿಕೆ ಕೇಳಿ ಸುಮ್ಮನಾದ.

ಮಾರ್ಗಶಿರದ ಒಂದು ಮಧ್ಯಾಹ್ನ ಗಂಗಾ ಹೆತ್ತಳು. ಹೆಣ್ಣು ಮಗು. ಸೂಲಗಿತ್ತಿ ಲಕ್ಕಿ ಹೊರಗೆ ಬಂದು, "ದುರ್ಗಪ್ಪಣ್ಣ, ತಾಯಿ ಗಟ್ಟಿ ಅದೆ, ಮಗು ಅದಕ್ಕಿಂತ ಗಟ್ಟಿ ಅದೆ. ಎಂತ ತಿನ್ಸಿದ್ಯೋ ಮಾರಾಯ" ಎಂದಳು. ದುರ್ಗಪ್ಪ ಜಗಲಿಯಲ್ಲಿ ಕೂತು ಮಗುವಿನಂತೆ ಅತ್ತ. ಕೆಂಚ ಎದುರಿಗೇ ಬಂದು ಬೋಳು ಕತ್ತು ಆಡಿಸುತ್ತ ಅವನನ್ನೇ ನೋಡುತ್ತಿತ್ತು.

ಹನ್ನೊಂದು ದಿನದ ಸೂತಕ ಕಳೆದ ಮೇಲೆ ಬಂದ ಮೊದಲ ಮಂಗಳವಾರ ಗಂಡಹೆಂಡತಿ ಜಟಗನ ಕಟ್ಟೆಗೆ ಹೋದರು. ಕೋಳಿ ದುರ್ಗಪ್ಪನ ಕಂಕುಳಲ್ಲಿತ್ತು. ಜಟಗನ ಪೂಜೆ ಮಾಡುವ ಗುನಗ ಬೊಮ್ಮಯ್ಯ ಮುದುಕ. ಕಣ್ಣಿಗೆ ಪೊರೆ ಬಂದಿದೆ ಎಂದು ಊರು ಹೇಳುತ್ತಿತ್ತು, ಆದರೆ ಕಾಣಬೇಕಾದದ್ದೆಲ್ಲ ಅವನಿಗೆ ಕಾಣುತ್ತಿತ್ತು. ಕೋಳಿಯ ಕಾಲು ನೋಡಿದ, ರೆಕ್ಕೆ ಬಿಡಿಸಿ ನೋಡಿದ, ಜುಟ್ಟು ನೋಡಿದ, ಕತ್ತಿಗೆ ಬಂದು ನಿಂತ.

"ಇದೆಂತ ನಾಗಮ್ಮ?"

"ಚೌಡಮ್ಮನ ಹುಂಜ ಕಚ್ಚಿದ್ದು, ಬೊಮ್ಮಯ್ಯಣ್ಣ."

ಬೊಮ್ಮಯ್ಯ ಬೋಳು ಜಾಗವನ್ನು ಹೆಬ್ಬೆರಳಿನಿಂದ ಸವರಿದ. "ಹುಂಜ ಹುಂಜ ಕಚ್ಚಾಡಿದ್ರೆ ಮೊದ್ಲು ಜುಟ್ಟು ಹರೀತದೆ. ಇದ್ರ ಜುಟ್ಟಿಗೆ ಒಂದು ಗೀರೂ ಇಲ್ಲಾ. ಚರ್ಮಕ್ಕೂ ಗಾಯ ಇಲ್ಲಾ. ಇದು ಕೊಕ್ಕಿನ ಕೆಲ್ಸ ಅಲ್ಲ, ಕೈಕೆಲ್ಸ."

ಜಟಗನ ಎದುರು ನಿಂತು ಸುಳ್ಳು ಹೇಳುವ ಧೈರ್ಯ ದುರ್ಗಪ್ಪನಿಗಿರಲಿಲ್ಲ. ಅಂಗಿಯ ಕಿಸೆಯಿಂದ ನಶ್ಯದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟು ಮುಚ್ಚಳ ತೆರೆದ. ಒಳಗೆ ಮೂರು ಗಾಳ, ಮೂರಕ್ಕೂ ಕಂದು ಗರಿ, ನಡುವೆ ಕರಿ ಗೆರೆ.

"ನಾನೇ ಕಿತ್ತದ್ದು" ಎಂದ. "ಈ ಗರಿ ಇಲ್ದಿದ್ರೆ ಮೀನು ಬರ್ತಿರ್ಲಿಲ್ಲ, ಮೀನು ಇಲ್ದಿದ್ರೆ ಹುಡ್ಗಿ ಉಣ್ತಿರ್ಲಿಲ್ಲ."

ಬೊಮ್ಮಯ್ಯ ಒಂದು ಗಾಳವನ್ನು ಎತ್ತಿ ಕಣ್ಣಿನ ಹತ್ತಿರ ತಂದು ತುಂಬ ಹೊತ್ತು ನೋಡಿದ. ಮುದುಕನ ಮೀಸೆಯೊಳಗೆ ಒಂದು ನಗು ಬಂದು ಹೋಯಿತು. ಗಾಳವನ್ನು ಡಬ್ಬಿಗೆ ಹಾಕಿ, "ಊನ ಇದ್ದ ಕೋಳಿ ನಾ ಮುಟ್ಟೂದಿಲ್ಲ. ಮನೆಗೆ ತಕಂಡು ಹೋಗಿ. ಗರಿ ಪೂರ್ತಿ ಬಂದ ಮೇಲೆ ತನ್ನಿ. ಜಟಗ ಎಲ್ಲಿಗೂ ಹೋಗೂದಿಲ್ಲ, ಅವ್ನಿಗೆ ಗಡಿಬಿಡಿ ಇಲ್ಲಾ" ಎಂದ.

ದಾರಿಯಲ್ಲಿ ನಾಗಿ ಗಂಡನಿಗಿಂತ ಹತ್ತು ಮಾರು ಮುಂದೆ ನಡೆದಳು. ಮನೆ ಹತ್ತಿರ ಬಂದಾಗ ಸೀದಾ ಚೌಡಮ್ಮನ ಅಂಗಳಕ್ಕೆ ಹೋಗಿ, ಬುಟ್ಟಿ ಎತ್ತಿ ಬಿಳಿ ಹುಂಜವನ್ನು ಬಿಟ್ಟಳು. ಚೌಡಮ್ಮನ ಕೈ ಹಿಡಿದು, "ನಂದು ತಪ್ಪಾತು ಅಕ್ಕ" ಎಂದಳು. ಆಮೇಲೆ ತಿರುಗಿ ಬೇಲಿಯಾಚೆ ನಿಂತಿದ್ದ ಗಂಡನನ್ನು ನೋಡಿದಳು.

ದುರ್ಗಪ್ಪ ಬೈಗುಳಕ್ಕೆ ಸಿದ್ಧನಾಗಿದ್ದ. ಬೈಗುಳ ಬರಲಿಲ್ಲ.

"ಗಂಗಾ ನಿಮ್ಮ ಒಬ್ರದೇ ಮಗಳಾ?" ಎಂದಳು ನಾಗಿ. "ಒಂದು ಮಾತು ಕೇಳಿದ್ರೆ ನಾನೇ ಕೋಳಿ ಹಿಡ್ಕಂಡು ಕೊಡ್ತಿರ್ಲಿಲ್ವಾ? ಜಟಗನ ಹತ್ರ ಹೇಳ್ಕಂಡವ್ಳು ನಾನು. ತಪ್ಪಾತು ಅಂತ ಹೇಳ್ಕಂಬುಕೂ ನಂಗೇ ಬತ್ತಿತ್ತು. ಕದ್ದು ಕಿತ್ರಿ, ಮೇಲಿಂದ ಈ ಅಕ್ಕನ ಸಂಗ್ತಿಗೆ ಜಗಳ ಹಚ್ಚಿದ್ರಿ."

ದುರ್ಗಪ್ಪನಿಗೆ ನಾಚಿಕೆಯಾಯಿತು. ಹೆಂಡತಿ ಬೇಡ ಎಂದಾಳೆಂದು ಹೆದರಿದ್ದನಲ್ಲ, ಇಷ್ಟು ವರ್ಷ ಅವಳು ಯಾವುದಕ್ಕೆ ಬೇಡ ಎಂದಿದ್ದಳು ಎಂದು ಯೋಚಿಸಿದರೆ ಒಂದೂ ನೆನಪಾಗಲಿಲ್ಲ.

ನಾಗಿ ಮಾತು ಬಿಡಲಿಲ್ಲ, ಆದರೆ ಮಾತೆಲ್ಲ ಬೇಕಾದಷ್ಟೇ ಆಯಿತು. ನೀರು ಕಾದಿದೆ, ಅನ್ನ ಬಡಿಸಿದೆ, ದನ ಬಂದಿದೆ. ಹೀಗೆಯೇ ಪುಷ್ಯ ಕಳೆಯಿತು. ಡಬ್ಬಿಯಲ್ಲಿದ್ದ ಮೂರು ಗಾಳಗಳೂ ಒಂದೊಂದಾಗಿ ಬಂಡೆಗಳ ಪಾಲಾದವು. ದುರ್ಗಪ್ಪ ಗಳವನ್ನು ಮಾಡಿನ ಸಂದಿಗೆ ಏರಿಸಿದ. ಕೆಂಚನ ಕೊರಳಲ್ಲಿ ಮೊದಲು ಮುಳ್ಳುಮುಳ್ಳಾಗಿ ಏನೋ ಮೂಡಿತು, ಮುಳ್ಳು ಒಡೆದು ಎಳೆಗಳು ಬಿಚ್ಚಿದವು. ಮಾಘದಲ್ಲಿ ನೋಡಿದರೆ ಹೊಸ ಗರಿ ಹಳೆಯದಕ್ಕಿಂತ ಚಂದ, ಕರಿ ಗೆರೆ ಇನ್ನೂ ಸ್ಪಷ್ಟ.

ಶಿವರಾತ್ರಿಗೆ ಹತ್ತು ದಿನವಿರುವಾಗ ಪಾಂಡು ಬಂದ. ಬುಧವಾರ ಹೆಂಡತಿ ಮಗುವನ್ನು ಕರೆದುಕೊಂಡು ಮಾವಿನಕುರ್ವೆಗೆ ಹೊರಡುವುದೆಂದಾಯಿತು. ಮಂಗಳವಾರ ಬೆಳಿಗ್ಗೆ ಹರಕೆ ಮುಗಿಸಬೇಕೆಂದು ನಾಗಿ ಹೇಳಿದಳು. ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಗಂಗಾ ಬಸಳೆಯ ಸಾರಿಗೆ ಅನ್ನ ಕಲಸುತ್ತ, "ಇನ್ನು ಕೆಂಬಾಲ ಎಷ್ಟು ದಿನಕ್ಕೋ" ಎಂದಳು. ಕೇಳಿದ್ದಲ್ಲ, ಸುಮ್ಮನೆ ಅಂದದ್ದು. ಪಾಂಡು ನಕ್ಕ.

ದುರ್ಗಪ್ಪ ಊಟ ಮುಗಿಸಿ ಕೈತೊಳೆಯುವಾಗ ಕೆಂಚ ಬಾಳೆಯ ಬುಡದಲ್ಲಿ ಮಣ್ಣು ಕೆದರುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ದೂರ. ಅವನು ಪಂಚೆಗೆ ಕೈ ಒರೆಸಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ನಾಗಿ ಗೆರಸಿಯಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಹೆಕ್ಕುತ್ತಿದ್ದಳು.

"ನಾಗೀ."

"ಎಂತ?"

"ನಾಡಿದ್ದು ಗಂಗಾ ಹೋಗ್ತದೆ. ಹೋಗೂ ಮೊದ್ಲು ಒಂದು ಸಲ ಕೆಂಬಾಲ ಉಣ್ಸುವ ಅಂತ. ಡಬ್ಬಿಲಿ ಒಂದೂ ಗಾಳ ಇಲ್ಲಾ." ಮುಂದಿನ ಮಾತು ಗರಿ ಕದಿಯುವುದಕ್ಕಿಂತ ಕಷ್ಟವಾಗಿತ್ತು. "ಕೆಂಚಂದು ಎರಡು ಗರಿ ಕೊಡ್ತ್ಯ ಅಂತ ಕೇಳೂಕೆ ಬಂದೆ."

ನಾಗಿ ತಲೆ ಎತ್ತಲಿಲ್ಲ. ಒಂದು ಕಲ್ಲು ಹೆಕ್ಕಿ ಎಸೆದಳು. "ನಾಳೆ ಮಂಗಳವಾರ."

"ಗೊತ್ತದೆ."

"ಈಗ ಕಿತ್ರೆ ಹರಕೆ ಮತ್ತೆ ಮುಂದೆ ಹೋಗ್ತದೆ."

"ಅದೂ ಗೊತ್ತದೆ. ನೀ ಬೇಡ ಅಂದ್ರೆ ಬೇಡ."

ಇನ್ನೊಂದು ಕಲ್ಲು. ಮತ್ತೊಂದು. ಕೊನೆಗೆ ಅವಳು ಗೆರಸಿಯನ್ನು ಬದಿಗಿಟ್ಟು, ಒಂದು ಹಿಡಿ ಅಕ್ಕಿ ಚೆಲ್ಲಿ, "ಬಾ ಬಾ ಬಾ" ಎಂದು ಕರೆದಳು. ಬಾಳೆಯ ಬುಡದಿಂದ ಕೆಂಚ ಓಡಿ ಬಂತು. ನಾಗಿ ಅದನ್ನು ಹಿಡಿದು ಮಡಿಲಲ್ಲಿ ಕೂರಿಸಿ, ರೆಕ್ಕೆಗಳನ್ನು ಒತ್ತಿ, ಕಣ್ಣಿಗೆ ಸೆರಗು ಮುಚ್ಚಿದಳು.

"ಹೂಂ, ಕಿತ್ಕಳ್ಳಿ. ಎರಡೇ."

ದುರ್ಗಪ್ಪ ಒಂದು ಕಿತ್ತ. ಇನ್ನೊಂದು ಕಿತ್ತ. ಸೆರಗಿನಡಿ ಕೆಂಚ ಅರಚಲಿಲ್ಲ, ಗೊಣಗಿತಷ್ಟೇ. ಅವನು ಏಳುವಷ್ಟರಲ್ಲಿ ನಾಗಿ, "ಇನ್ನೊಂದು ತಕಳಿ" ಎಂದಳು. "ಒಂದು ಬಂಡೆಗೆ ಸಿಕ್ಕಿ ಹೋಗ್ತದೆ. ನಿಮ್ಮ ಕೈಗುಣ ನಂಗೆ ಗೊತ್ತಿಲ್ವಾ?"

ಅವಳ ತುಟಿಯ ಮೂಲೆಯಲ್ಲಿ ನಗುವಿತ್ತು. ಎರಡು ತಿಂಗಳಿಂದ ಅವನು ಕಾದದ್ದು ಅದಕ್ಕೇ. ದುರ್ಗಪ್ಪನ ಕಣ್ಣು ಮಂಜಾಗಿ ಮೂರನೆಯ ಗರಿ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

"ಬೊಮ್ಮಯ್ಯಣ್ಣಗೆ ಎಂತ ಹೇಳೂದು?"

"ಮೂರು ಗರಿ ಕಮ್ಮಿ ಅದೆ ಅಂತ ಹೇಳೂದು. ಪೂರ್ತಿ ಬಂದ ಮೇಲೆ ತನ್ನಿ ಅಂದವ್ರು ಅವ್ರೇ ಅಲ್ವಾ? ನಾಳೆ ನಾನೇ ಒಂದು ಕಾಯಿ ತಕಂಡು ಹೋಗಿ ಜಟಗಂಗೂ ಹೇಳಿ ಬತ್ತೆ."

ಅವಳು ಕೆಂಚನನ್ನು ಕೆಳಗೆ ಬಿಟ್ಟಳು. ಅದು ಮೈ ಕೊಡವಿಕೊಂಡು, ಕಾಲಿನ ಕೆಂಪು ದಾರ ಎಳೆಯುತ್ತ, ಚೆಲ್ಲಿದ ಅಕ್ಕಿಗೆ ಬಾಯಿ ಹಾಕಿತು. ದುರ್ಗಪ್ಪ ಅಲ್ಲೇ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಿದಿರು ಕಡ್ಡಿಗೆ ಗಾಳ ಸಿಕ್ಕಿಸಿದ. ನಾಗಿ ಪಕ್ಕದಲ್ಲಿ ಕೂತು, ಕರಿ ದಾರದ ಇನ್ನೊಂದು ತುದಿಯನ್ನು ಹಿಡಿದು, ಅವನು ಮೂರು ಸುತ್ತು ಹಾಕಿ ಮುಗಿಸುವ ತನಕ ಬಿಗಿಯಾಗಿ ಎಳೆದುಕೊಂಡಿದ್ದಳು.